ರಜೆಯ ಲೆಕ್ಕ ಹಾಕುವವರು

“ಶಿಕ್ಷಕರಿಗೇನು, ವರ್ಷವಿಡೀ ರಜೆ” ಎಂಬ ಮಾತು ನಮ್ಮ ಮನೆಗಳಲ್ಲಿಯೂ ಮಸೀದಿಯಂಗಳದಲ್ಲಿಯೂ ಸಲೀಸಾಗಿ ಕೇಳಿಬರುತ್ತದೆ. ವಿದ್ಯಾರ್ಜನೆಯನ್ನು ಕಡ್ಡಾಯವೆಂದು ನಂಬಿದ ಸಮುದಾಯಕ್ಕೆ ಇದು ಶೋಭೆಯಲ್ಲ.

2025ರ ದಸರಾ ರಜೆಯನ್ನೇ ನೋಡೋಣ. ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆ ಅಲೆದರು. ಕೆಲಸ ಮುಗಿಯದಾಗ ಸರಕಾರಿ, ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ರಜೆ ಮಕ್ಕಳಿಗೆ, ದುಡಿಮೆ ಶಿಕ್ಷಕರಿಗೆ! ಸಮೀಕ್ಷೆ ಬೇಡವೆಂದಲ್ಲ, ನಮ್ಮ ಸಮುದಾಯದ ಸ್ಥಿತಿಗತಿಯೂ ಅದರಿಂದ ತಿಳಿಯಬೇಕಿದೆ. ಆದರೆ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳ ಹೊರತು ಶಿಕ್ಷಕರನ್ನು ಶಿಕ್ಷಣೇತರ ಕಾರ್ಯಕ್ಕೆ ನಿಯೋಜಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಕಾಯ್ದೆ ರಚಿಸಿದವರೇ ಅದನ್ನು ಮರೆತರೆ ನಾವು ನೆನಪಿಸಬೇಡವೇ?

ಶಾಲೆಯೊಳಗಿನ ಕೆಲಸವಂತೂ ಯಾರ ಕಣ್ಣಿಗೂ ಬೀಳದು. ಹಾಲು, ಮೊಟ್ಟೆಗಳ ದಾಖಲೆ, ಪ್ರತಿ ಮಗುವಿನ ಆನ್‌ಲೈನ್ ಮಾಹಿತಿ. ಉತ್ತರ ಪತ್ರಿಕೆಗಳ ಕಟ್ಟು ಮನೆಗೇ ಬರುತ್ತದೆ. ಶಿಕ್ಷಕಿಯಾದರೆ ರಾತ್ರಿಯ ಅಡುಗೆ ಮುಗಿಸಿ ಅದನ್ನು ಬಿಚ್ಚುತ್ತಾಳೆ.

ಶಾಲಾಭಿವೃದ್ಧಿ ಸಮಿತಿಯಲ್ಲಿರುವ ನಮ್ಮ ಪಾಲಕರು ಬಿಸಿಯೂಟದ ಅಕ್ಕಿಯ ಲೆಕ್ಕ ಕೇಳುತ್ತಾರೆ. ಆ ಲೆಕ್ಕ ಬರೆಯುವಾಗ ತರಗತಿಯಲ್ಲಿ ಯಾರಿದ್ದರು ಎಂದು ಕೇಳುವುದಿಲ್ಲ.