ಪಾನಾ ಹಿಡಿಯಾಕ ಗಂಡಸ ಆಗಬೇಕೇನ್ರಿ?

ಅಕ್ಕಾರ, ತಂಗೇರ, ನೆಟ್ಟಗ ಕೇಳ್ತೀನಿ. ತಾಂಬಾದಾಗ ನಮ್ಮ ಹಿತ್ತಲ ಶೆಡ್ಡಿನ್ಯಾಗ ಮಗ ಹಳೇ ಕಾರ್ ಬಿಚ್ಚಿ ರೇಸ್ ಗಾಡಿ ಕಟ್ಟತೀನಿ ಅಂದ್ರ ‘ಶಾಣ್ಯಾ ಅದಾನ’ ಅಂತೀರಿ. ಅದ ಮಾತು ಮಗಳು ಅಂದ್ರ ‘ಇಕೀನ ಯಾರು ಮಾಡ್ಕೋತಾರ?’ ಅಂತೀರಿ. ಇದ್ಯಾವ ನ್ಯಾಯ?

1948ರಾಗ ಲಂಡನ್‌ದಾಗ ಕಾಲಿನ್ ಚಾಪ್‌ಮನ್ ಅನ್ನೋ ಹುಡುಗ ಹಳೇ ಆಸ್ಟಿನ್ ಸೆವೆನ್ ಬಿಚ್ಚಿ ಮೊದಲನೇ ಲೋಟಸ್ ಕಟ್ಟಿದ. ಎಲ್ಲಿ? ಮುಂದ ಅವನ ಹೇಣ್ತಿ ಆದ ಹೇಜಲ್‌ಳ ತವರಮನಿ ಹಿಂದಿನ ಗ್ಯಾರೇಜಿನ್ಯಾಗ. 1952ರಾಗ ಕಂಪನಿ ತೆಗಿಯಾಕ 25 ಪೌಂಡ್ ಕೊಟ್ಟಾಕೀನೂ ಹೇಜಲ್. 1963ರಾಗ ಲೋಟಸ್ ಜಗತ್ತಿನ ದೊಡ್ಡ ರೇಸ್ ಫಾರ್ಮುಲಾ ಒನ್‌ದಾಗ ಚಾಂಪಿಯನ್ ಆತು. ಕಾರಿನ ಬಿಲ್ಲೆ ಮ್ಯಾಲಿನ ಅಕ್ಷರ ಮಾತ್ರ ಅವನ ಹೆಸರಿನವು!

ಜಾಗಾ, ರೊಕ್ಕಾ ಕೊಡಾಕ ಹೆಣ್ಣು ಬೇಕು, ಪಾನಾ ಹಿಡಿಯಾಕ ಬ್ಯಾಡೇನು?

ಅಂಜಿಕಿ ನನಗೂ ಐತಿ. ವೆಲ್ಡಿಂಗ್ ಕಣ್ಣು ಸುಡತೈತಿ, ಬ್ರೇಕಿಲ್ಲದ ಗಾಡಿ ಜೀವಾ ತಗೋತೈತಿ. ಅದಕ್ಕ ಕಣ್ಣಿಗೆ ವೆಲ್ಡಿಂಗ್ ಗ್ಲಾಸ್, ಬ್ರೇಕ್ ಗಟ್ಟಿ ಆಗೂತನಕ ಇಂಜಿನ್ ಚಾಲೂ ಬ್ಯಾಡ, ನೋಂದಣಿ ಇಲ್ಲದ ಗಾಡಿ ರೋಡಿಗೆ ಬ್ಯಾಡ. ಇದನ್ನ ಮಗಗೂ ಹೇಳ್ರಿ, ಮಗಳಿಗೂ ಹೇಳ್ರಿ.

ನನ್ನ ಮಗಳು ಶೆಡ್ಡಿನ ಕೀಲಿಕೈ ಕೇಳ್ಯಾಳ. ನಾ ಕೊಡಾಕಿನ. ನೋಡಾಕ ಬರ್ರಿ, ಚಾ ಮಾಡ್ತೀನಿ. ಬೈಯಾಕ ಬರಬ್ಯಾಡ್ರಿ.