ನಿಲ್ದಾಣಕ್ಕೆ ಹೋಗುವ ದಾರಿ

ದಾರಿ ಹುಟ್ಟಿದ್ದು ನಡೆಯುವವನಿಗಾಗಿ. ಗಾಡಿ, ಕುದುರೆ, ಮೋಟಾರು ಇವೆಲ್ಲವೂ ಅನಂತರ ಬಂದವು. ಹಿಂದಿನವರು ಈ ಮಾತನ್ನು ಮರೆತಿರಲಿಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆಳಿದ ಅಶೋಕ ಚಕ್ರವರ್ತಿಯು, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದನ್ನೂ ಬಾವಿಗಳನ್ನು ತೋಡಿಸಿದುದನ್ನೂ ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಕನ್ನಡ ನಾಡಿನ ಹಳೆಯ ದಾರಿಗಳಲ್ಲಿ ಸಾಲುಮರಗಳಿದ್ದವು. ಬೇಸಿಗೆಯಲ್ಲಿ ನೀರು ಮಜ್ಜಿಗೆಗಳ ಅರವಟ್ಟಿಗೆಗಳಿದ್ದವು. ಊರ ಹೊರಗೆ ಪಯಣಿಗರು ತಂಗುವ ಗುಂಡುತೋಪುಗಳಿದ್ದವು. ತಲೆಹೊರೆಯನ್ನು ಪರರ ನೆರವಿಲ್ಲದೆ ಇಳಿಸಿ ಮತ್ತೆ ಎತ್ತಿಕೊಳ್ಳಲು ಎದೆಯೆತ್ತರದ ಕಲ್ಲುಗಳಿದ್ದವು. ಇವುಗಳನ್ನು ಯಾರೂ ಅಲಂಕಾರವೆಂದು ಎಣಿಸಲಿಲ್ಲ. ನೆರಳು, ನೀರು, ವಿಶ್ರಾಂತಿ ಇವು ದಾರಿಯ ಅಂಗಗಳೇ ಆಗಿದ್ದವು.

ಇಂದಿನ ನಗರದ ಚಿತ್ರವನ್ನು ಇದಕ್ಕೆ ಹೋಲಿಸಿ ನೋಡಬೇಕು. ಬೆಂಗಳೂರಿನ ಮೆಟ್ರೋ ನಿಲ್ದಾಣವೊಂದರ ಮೆಟ್ಟಿಲನ್ನು ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಇಳಿಯುವ ಮುದುಕಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಹತ್ತಾರು ಕಿಲೋಮೀಟರುಗಳ ದೂರವನ್ನು ಆಕೆ ತಂಪಾದ ಬೋಗಿಯಲ್ಲಿ ಕುಳಿತು ಸುಖವಾಗಿ ದಾಟಿರುತ್ತಾಳೆ. ಆದರೆ ನಿಲ್ದಾಣದಿಂದ ಮನೆಗೆ ಇರುವ ಅರ್ಧ ಕಿಲೋಮೀಟರು ದಾಟುವುದೇ ಆಕೆಗೆ ಕಷ್ಟವಾಗುತ್ತದೆ. ಕಾಲುದಾರಿಯ ಚಪ್ಪಡಿ ಒಂದೆಡೆ ಎದ್ದಿರುತ್ತದೆ, ಇನ್ನೊಂದೆಡೆ ಕುಸಿದಿರುತ್ತದೆ. ನಡುವೆ ಒಂದು ಮೋಟಾರು ಸೈಕಲು ನಿಂತಿರುತ್ತದೆ. ನೆರಳಿಗೆ ಮರವಿಲ್ಲ, ಕುಳಿತುಕೊಳ್ಳಲು ಕಟ್ಟೆಯಿಲ್ಲ. ಸಾವಿರಾರು ಕೋಟಿ ರೂಪಾಯಿಗಳ ರೈಲು ಆಕೆಯನ್ನು ಬಿಸಿಲಿಗೆ ತಂದು ಬಿಟ್ಟು ಮುಂದೆ ಹೋಗುತ್ತದೆ. ಮರುದಿನ ಆಕೆ ಆಟೋರಿಕ್ಷಾ ಹಿಡಿಯಬಹುದು; ಅದಕ್ಕೆ ಹಣವಿಲ್ಲದಿದ್ದರೆ ಮನೆಯಲ್ಲಿಯೇ ಉಳಿಯಬಹುದು.

ಈ ಕೊನೆಯ ಅರ್ಧ ಕಿಲೋಮೀಟರಿನ ಮಹತ್ತ್ವವನ್ನು ಸರ್ಕಾರದ ನೀತಿಯೂ ಒಪ್ಪಿಕೊಂಡಿದೆ. ಭಾರತ ಸರ್ಕಾರವು 2017ರಲ್ಲಿ ಸಾರಿಗೆ ಆಧಾರಿತ ನಗರಾಭಿವೃದ್ಧಿಯನ್ನು ಕುರಿತು ಒಂದು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ನಿಲ್ದಾಣದಿಂದ ಸುಮಾರು 500ರಿಂದ 800 ಮೀಟರುಗಳವರೆಗಿನ ಪ್ರದೇಶವನ್ನು ಒಂದು ಘಟಕವೆಂದು ಭಾವಿಸಿ, ಅಲ್ಲಿ ಮನೆ, ಅಂಗಡಿ, ಕಚೇರಿ, ಉದ್ಯಾನಗಳನ್ನು ಒತ್ತೊತ್ತಾಗಿ ನಿರ್ಮಿಸಬೇಕೆಂಬುದು ಅದರ ತಿರುಳು. ಈ ದೂರವನ್ನು ಗೊತ್ತುಮಾಡಿದುದು ಎಂಜಿನಿನ ಶಕ್ತಿಯನ್ನು ನೋಡಿ ಅಲ್ಲ. ಮನುಷ್ಯನು ಹತ್ತು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲನೆಂಬುದನ್ನು ನೋಡಿ. ಹಾಗಿದ್ದ ಮೇಲೆ, ಆ ಹತ್ತು ನಿಮಿಷದ ದಾರಿಯೇ ಇಡೀ ಯೋಜನೆಯ ಬುನಾದಿ ಎನ್ನಬೇಕಾಗುತ್ತದೆ. ಆದರೆ ಕಟ್ಟಡಗಳ ಎತ್ತರವನ್ನು ಕುರಿತು ನಡೆಯುವಷ್ಟು ಚರ್ಚೆ ಆ ದಾರಿಯ ನೆರಳನ್ನು ಕುರಿತು ನಡೆಯುವುದಿಲ್ಲ. ಗಿಡಮರಗಳ ವಿಚಾರ ಬರುವುದು ಕೆಲಸವೆಲ್ಲ ಮುಗಿದ ಮೇಲೆ, ಉಳಿದ ಮೂಲೆಯಲ್ಲಿ ಕುಂಡಗಳನ್ನು ಇಡುವಾಗ.

ಬೆಂಗಳೂರು ಇದನ್ನು ಅರಿಯದ ನಗರವಲ್ಲ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತಾಗ, ಗಾಳಿ ಬೆಳಕುಗಳು ಧಾರಾಳವಾಗಿ ದೊರೆಯುವಂತೆ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. 1908ರಲ್ಲಿ ಮೈಸೂರು ಸಂಸ್ಥಾನದ ತೋಟಗಳ ಮೇಲ್ವಿಚಾರಣೆಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರು. ಹೀಗೆ ವರ್ಷದ ಬಹುಪಾಲು ಒಂದಲ್ಲ ಒಂದು ಬೀದಿ ಹೂವಿನಿಂದ ತುಂಬಿರುತ್ತಿತ್ತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಸೇತುರಾಮ್ ನೇಗಿನಹಾಳ ಅವರ ಮುಂದಾಳುತನದಲ್ಲಿ ನಗರದಲ್ಲಿ ಸುಮಾರು ಹದಿನೈದು ಲಕ್ಷ ಸಸಿಗಳನ್ನು ನೆಡಲಾಯಿತು. ಇಂದು ಬೆಂಗಳೂರಿನ ಬೀದಿಗಳಲ್ಲಿ ನಡೆಯುವವರು ಅನುಭವಿಸುವ ತಂಪಿನಲ್ಲಿ ಬಹುಭಾಗ ಹೀಗೆ ಹಿಂದಿನವರು ಕೂಡಿಟ್ಟ ಆಸ್ತಿ.

ಅದೇ ನಗರದಲ್ಲಿ 2011ರ ಅಕ್ಟೋಬರ್ 20ರಂದು ಮೆಟ್ರೋ ರೈಲು ಸಂಚರಿಸತೊಡಗಿತು. ಸಾವಿರಕ್ಕೂ ಹೆಚ್ಚು ಜನರನ್ನು ಒಂದೇ ಬಾರಿಗೆ ಹೊತ್ತೊಯ್ಯುವ ಇಂಥ ವಾಹನ ಲಕ್ಷಾಂತರ ಜನರಿಗೆ ಉಪಕಾರಮಾಡಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ದಾರಿಗಾಗಿ ಹಳೆಯ ಮರಗಳು ಉರುಳಿದವು. 2009ರಲ್ಲಿ ಲಾಲ್‌ಬಾಗಿನ ಅಂಚಿನಲ್ಲಿಯೂ ಜಯನಗರದ ನಂದಾ ರಸ್ತೆಯಲ್ಲಿಯೂ ಮರಗಳನ್ನು ಕಡಿಯುವಾಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಅಂದಿನ ವಾದವು ‘ರೈಲು ಬೇಕೋ, ಮರ ಬೇಕೋ’ ಎಂಬ ರೂಪವನ್ನು ತಾಳಿತು. ಪ್ರಶ್ನೆಯನ್ನು ಹೀಗೆ ಕೇಳಿದುದೇ ತಪ್ಪು. ರೈಲಿಗೆ ಜನ ಬರಬೇಕಾದರೆ ಅವರು ನಡೆದು ಬರಬೇಕು. ನಡೆದು ಬರಬೇಕಾದರೆ ನೆರಳು ಬೇಕು. ಆದುದರಿಂದ ಮರವು ರೈಲಿನ ಎದುರಾಳಿಯಲ್ಲ, ಅದರ ನೆರವಿಗ.

ಈ ಮಾತು ಬರಿಯ ಭಾವುಕತೆಯಲ್ಲ. ಬೆಂಗಳೂರಿನ ಬೀದಿಮರಗಳನ್ನೇ ಕುರಿತು ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಮರಗಳಿರುವ ಬೀದಿಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ನಷ್ಟರವರೆಗೆ ಕಡಿಮೆಯಿರುವುದನ್ನು ಕಂಡಿತು. ರಸ್ತೆಯ ಮೇಲ್ಮೈಯ ಉಷ್ಣತೆಯಲ್ಲಿಯಂತೂ 27.5 ಡಿಗ್ರಿಯವರೆಗೆ ಅಂತರ ಕಂಡುಬಂದಿತು. ಇದರ ಕಾರಣವು ಸರಳವಾದುದು. ಎಲೆಗಳ ಛಾವಣಿ ಬಿಸಿಲನ್ನು ತಡೆಯುತ್ತದೆ. ಬೇರು ಹೀರಿದ ನೀರು ಎಲೆಗಳಿಂದ ಆವಿಯಾಗುವಾಗ ಸುತ್ತಲಿನ ಶಾಖವನ್ನು ಸೆಳೆದುಕೊಳ್ಳುತ್ತದೆ. ಡಾಂಬರು ಮತ್ತು ಕಾಂಕ್ರೀಟುಗಳಾದರೋ ಹಗಲೆಲ್ಲ ಶಾಖವನ್ನು ಹೀರಿಕೊಂಡು ರಾತ್ರಿ ಅದನ್ನು ಹೊರಸೂಸುತ್ತವೆ. ಹೀಗೆ ನೋಡಿದರೆ, ಬೀದಿಯ ಸಾಲುಮರ ಬಡವನ ತಂಪುಯಂತ್ರ. ಅದಕ್ಕೆ ವಿದ್ಯುತ್ತು ಬೇಡ; ಬಾಡಿಗೆಯೂ ಬೇಡ.

ಇದಕ್ಕೆ ಪ್ರತಿಯಾಗಿ ಕೆಲವರು ಹೇಳುವ ಮಾತುಗಳುಂಟು. ಬೇರುಗಳು ಕಾಲುದಾರಿಯನ್ನು ಒಡೆಯುತ್ತವೆ, ಗಾಳಿಮಳೆಗೆ ಕೊಂಬೆಗಳು ಬೀಳುತ್ತವೆ, ಒಂದು ಮರ ಕಡಿದರೆ ಬೇರೆಡೆ ಹತ್ತು ಸಸಿ ನೆಟ್ಟರಾಯಿತು ಎಂದು ಅವರು ವಾದಿಸುತ್ತಾರೆ. ಮೊದಲನೆಯ ಎರಡು ದೂರುಗಳಲ್ಲಿ ಸತ್ಯವಿಲ್ಲದಿಲ್ಲ. ಆದರೆ ಬುಡದವರೆಗೂ ಕಾಂಕ್ರೀಟು ಸುರಿದು, ಕೊಳವೆ ತಂತಿಗಳಿಗಾಗಿ ಬೇರುಗಳನ್ನು ಕತ್ತರಿಸಿದ ಮೇಲೆ ಮರ ಬಿದ್ದರೆ ತಪ್ಪು ಯಾರದು? ಮೂರನೆಯ ವಾದವು ಲೆಕ್ಕದಲ್ಲಿ ಸರಿಯೆಂದು ತೋರಿದರೂ ಅನುಭವದಲ್ಲಿ ನಿಲ್ಲದು. ಊರಾಚೆಯ ಬಯಲಿನಲ್ಲಿ ನೆಟ್ಟ ಹತ್ತು ಸಸಿಗಳು ನಿಲ್ದಾಣದ ದಾರಿಯಲ್ಲಿ ನಡೆಯುವವನಿಗೆ ನೆರಳು ಕೊಡಲಾರವು. ಮೇಲಾಗಿ, ಸಸಿ ನೆಡುವುದು ಒಂದು ದಿನದ ಕೆಲಸ; ಬೆಳೆಸುವುದು ಹಲವು ವರ್ಷಗಳ ಕೆಲಸ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸುಮಾರು ನಾಲ್ಕು ಕಿಲೋಮೀಟರು ಉದ್ದಕ್ಕೆ 385 ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರ ಹಿರಿಮೆ ಇರುವುದು ಸಸಿ ನೆಟ್ಟುದರಲ್ಲಿ ಮಾತ್ರವಲ್ಲ. ಪತಿಯೊಡನೆ ಕೊಡಗಳಲ್ಲಿ ನೀರು ಹೊತ್ತು ಅವುಗಳನ್ನು ಉಳಿಸಿದುದರಲ್ಲಿ.

ಹಾಗಾದರೆ ನಿಲ್ದಾಣದ ಸುತ್ತಣ ವಸತಿಪ್ರದೇಶದ ವಿನ್ಯಾಸ ಹೇಗಿರಬೇಕು? ಕಟ್ಟಡದ ನಕ್ಷೆಗೆ ಮೊದಲೇ ಕಾಲುದಾರಿಯ ನಕ್ಷೆ ಸಿದ್ಧವಾಗಬೇಕು. ಇರುವ ಮರಗಳನ್ನು ಎಣಿಸಿ ಗುರುತಿಸಬೇಕು. ಹೊಸದಾಗಿ ನೆಡುವಾಗ ಹೊಂಗೆ, ಬೇವು, ಹೊಳೆದಾಸವಾಳದಂಥ ಮರಗಳನ್ನು ಬೀದಿಯ ಅಗಲಕ್ಕೆ ತಕ್ಕಂತೆ ಆರಿಸಬೇಕು. ಮಳೆಮರದಂಥ ಹರವಾದ ಮರಗಳಿಗೆ ಉದ್ಯಾನದ ವಿಶಾಲವಾದ ನೆಲವೇ ಯೋಗ್ಯ. ಪ್ರತಿಯೊಂದು ಮರದ ಬುಡದಲ್ಲಿಯೂ ಮಳೆನೀರು ಇಂಗುವಷ್ಟು ಮಣ್ಣನ್ನು ತೆರೆದಿಡಬೇಕು. ದೀಪಗಳು ಎಲೆಗಳ ಮೇಲೆ ಉರಿಯದೆ ಅವುಗಳ ಕೆಳಗೆ ಉರಿಯಬೇಕು. ಪೊದೆಗಳು ಸೊಂಟದೆತ್ತರವನ್ನು ಮೀರಬಾರದು. ಕತ್ತಲಾದ ಮೇಲೆ ಕೆಲಸದಿಂದ ಮರಳುವ ಹೆಣ್ಣುಮಗಳಿಗೆ ಮುಂದಿನ ದಾರಿ ಸ್ಪಷ್ಟವಾಗಿ ಕಾಣಬೇಕು. ಅಲ್ಲಲ್ಲಿ ಕಲ್ಲಿನ ಕಟ್ಟೆಗಳಿರಬೇಕು. ಗಾಲಿಕುರ್ಚಿ ಹತ್ತುವಂತೆ ಇಳಿಜಾರು ಇರಬೇಕು. ಹೂವು, ಸೊಪ್ಪು ಮಾರುವವರಿಗೂ ಒಂದಿಷ್ಟು ಜಾಗ ಇರಬೇಕು; ಅವರಿರುವ ದಾರಿ ಎಂದಿಗೂ ನಿರ್ಜನವಾಗುವುದಿಲ್ಲ.

ಉದ್ಯಾನವು ನಗರಕ್ಕೆ ಇನ್ನೊಂದು ಸೇವೆಯನ್ನೂ ಮಾಡಬಲ್ಲುದು. ಬ್ರೆಜಿಲ್ ದೇಶದ ಕುರಿಟಿಬಾ ನಗರದಲ್ಲಿ ವಾಸ್ತುಶಿಲ್ಪಿ ಜೈಮೆ ಲರ್ನರ್ ಅವರು 1971ರಲ್ಲಿ ಮೇಯರರಾದರು. 1974ರಲ್ಲಿ ಅಲ್ಲಿ ಬಸ್ಸುಗಳಿಗೇ ಮೀಸಲಾದ ಮಾರ್ಗಗಳು ಆರಂಭವಾದವು. ಎತ್ತರದ ಕಟ್ಟಡಗಳನ್ನು ಆ ಮಾರ್ಗಗಳ ಬದಿಯಲ್ಲಿ ನಿಲ್ಲಿಸಲಾಯಿತು. ಜೊತೆಗೆ, ನದಿಯ ನೆರೆ ನುಗ್ಗುವ ತಗ್ಗುಗಳಲ್ಲಿ ಮನೆ ಕಟ್ಟದೆ ಉದ್ಯಾನಗಳನ್ನೂ ಕೊಳಗಳನ್ನೂ ನಿರ್ಮಿಸಿದರು. 1972ರಲ್ಲಿ ಆದ ಬಾರಿಗುಯಿ ಉದ್ಯಾನ ಅಂಥದು. ಮಳೆಗಾಲದಲ್ಲಿ ನೆರೆಯ ನೀರು ಅಲ್ಲಿ ತಂಗುತ್ತದೆ. ಉಳಿದ ಕಾಲದಲ್ಲಿ ಜನ ವಿಹರಿಸುತ್ತಾರೆ. ಮುಂದೆ ಆ ನಗರದಲ್ಲಿಯೂ ಕಾರುಗಳು ಹೆಚ್ಚಿದವು ಎಂಬುದು ನಿಜ. ಆದರೂ ಸಾರಿಗೆ, ವಸತಿ, ನೀರು, ಉದ್ಯಾನ ಇವುಗಳನ್ನು ಒಟ್ಟಿಗೆ ಯೋಚಿಸಬೇಕೆಂಬ ಪಾಠ ಸುಳ್ಳಾಗಲಿಲ್ಲ.

ಬೆಂಗಳೂರಿನಲ್ಲಿ ಇದಕ್ಕೆ ವಿಪರೀತವಾದುದು ನಡೆಯಿತು. ನಗರದ ಕೇಂದ್ರ ಬಸ್ ನಿಲ್ದಾಣವು ಹಿಂದೆ ಧರ್ಮಾಂಬುಧಿ ಕೆರೆಯಿದ್ದ ಅಂಗಳದಲ್ಲಿ ನಿಂತಿದೆ. ಸಾರಿಗೆಗಾಗಿ ನೀರು ತನ್ನ ಮನೆಯನ್ನು ಬಿಟ್ಟುಕೊಟ್ಟಿತು. ಮನೆ ಕಳೆದುಕೊಂಡ ನೀರು ಜೋರುಮಳೆ ಬಂದಾಗ ಬೀದಿಗಳಲ್ಲಿ ಅಲೆಯುತ್ತದೆ. ಕಳೆದ ಕೆರೆಯನ್ನು ಮರಳಿ ಪಡೆಯುವುದು ಕಷ್ಟ. ಆದರೆ ಹೊಸ ನಿಲ್ದಾಣಗಳ ಸುತ್ತ ಒಂದೊಂದು ತಗ್ಗಾದ ಉದ್ಯಾನವನ್ನು ಉಳಿಸಿಕೊಂಡರೆ, ಬೀದಿಯ ನೀರು ಅಲ್ಲಿಗೆ ಹರಿದು ಇಂಗಬಹುದು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಈ ಹಸುರು ಯಾರಿಗೆ ಸೇರಿದುದು? ಸಿಂಗಪುರದಲ್ಲಿ 2013ರಲ್ಲಿ ಆರಂಭವಾದ ಯೋಜನೆಯಂತೆ, ರೈಲು ನಿಲ್ದಾಣದ ಸುತ್ತ 400 ಮೀಟರಿನೊಳಗೆ ಇರುವ ಶಾಲೆ, ಆಸ್ಪತ್ರೆ ಮುಂತಾದ ಸ್ಥಳಗಳಿಗೆ ಛಾವಣಿಯುಳ್ಳ ಕಾಲುದಾರಿಗಳನ್ನು ಕಟ್ಟಿದರು. ಆ ದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು. ಭಾರತದ ನಗರಗಳಲ್ಲಿ ನಿಲ್ದಾಣ ಬಂದೊಡನೆ ನೆಲದ ಬೆಲೆ ಏರುತ್ತದೆ. ಕಾಂಪೌಂಡಿನೊಳಗೆ ಹುಲ್ಲುಹಾಸು, ಕಾರಂಜಿಗಳುಳ್ಳ ವಸತಿಸಮುಚ್ಚಯಗಳು ಏಳುತ್ತವೆ. ಗೋಡೆಯ ಹೊರಗೆ ಬೀದಿ ಬೋಳಾಗಿ ಉಳಿಯುತ್ತದೆ. ಒಳಗಿರುವವರಿಗೆ ಕಾರುಗಳಿವೆ, ರೈಲನ್ನು ನಿಜವಾಗಿ ನಂಬಿದ ಗಾರ್ಮೆಂಟ್ಸ್ ಕಾರ್ಮಿಕಳೂ ವಿದ್ಯಾರ್ಥಿಯೂ ಬಾಡಿಗೆ ತೆರಲಾರದೆ ದೂರ ಸರಿಯುತ್ತಾರೆ. ಸಾರ್ವಜನಿಕರ ಹಣದಿಂದ ಬಂದ ರೈಲಿನ ಪ್ರಯೋಜನ ಸಾರ್ವಜನಿಕರಿಗೇ ದೊರೆಯಬೇಕಾದರೆ, ನಿಲ್ದಾಣದ ಬಳಿ ಬಡವರ ಮನೆಗಳಿಗೂ ಜಾಗವಿರಬೇಕು. ಮರಗಳು ಗೋಡೆಯ ಒಳಗಿಗಿಂತ ಮೊದಲು ಗೋಡೆಯ ಹೊರಗೆ ಬೆಳೆಯಬೇಕು.

ಒಂದು ನಗರದ ಸಿರಿವಂತಿಕೆಯನ್ನು ಅದರ ಕಟ್ಟಡಗಳ ಎತ್ತರದಿಂದ ಅಳೆಯುವುದು ಸುಲಭ. ಅದರ ಸಂಸ್ಕೃತಿಯನ್ನು ಅಳೆಯಬೇಕಾದರೆ ಅಲ್ಲಿನ ಮಗುವೂ ಮುದುಕಿಯೂ ಮಧ್ಯಾಹ್ನದ ಬಿಸಿಲಿನಲ್ಲಿ ಎಷ್ಟು ದೂರ ನಿಶ್ಚಿಂತೆಯಿಂದ ನಡೆಯಬಲ್ಲರೆಂಬುದನ್ನು ನೋಡಬೇಕು. ಹೊರೆ ಇಳಿಸಲು ಕಲ್ಲು ನಿಲ್ಲಿಸಿದ ಹಿಂದಿನವರ ಬಳಿ ಹಣವೂ ಯಂತ್ರವೂ ಕಡಿಮೆಯಿದ್ದವು. ಆದರೆ ಗುರುತಿಲ್ಲದ ದಾರಿಹೋಕನ ಆಯಾಸವನ್ನು ಅವರು ಬಲ್ಲವರಾಗಿದ್ದರು. ಇಂದು ಶಾಲೆಗೆ ನಡೆದು ಹೋಗುವ ವಿದ್ಯಾರ್ಥಿಗಳೇ ನಾಳೆ ನಗರಗಳ ನಕ್ಷೆ ಬರೆಯುವ ಎಂಜಿನಿಯರುಗಳು, ಅವುಗಳಿಗೆ ಒಪ್ಪಿಗೆ ನೀಡುವ ಅಧಿಕಾರಿಗಳು, ಪ್ರಶ್ನಿಸುವ ನಾಗರಿಕರು. ಶಾಲೆಯ ದಾರಿಯಲ್ಲಿ ನೆರಳು ಎಲ್ಲಿದೆ, ಎಲ್ಲಿ ಇಲ್ಲ ಎಂಬುದನ್ನು ಅವರು ಈಗಲೇ ಗಮನಿಸತೊಡಗಿದರೆ, ಮುಂದೆ ಅವರು ಬರೆಯುವ ನಕ್ಷೆಗಳಲ್ಲಿ ಮರಕ್ಕೆ ಜಾಗ ತಾನಾಗಿಯೇ ದೊರೆಯುವುದು.