ಮುಷ್ಟಿಗೂ ಒಂದು ನೆಪ ಬೇಕಾ?

ವಿಜಯದಶಮಿ ದಿನ ಮೈಸೂರು ಅರಮನೆಯಲ್ಲಿ ನಡೆಯೋ ವಜ್ರಮುಷ್ಟಿ ಕಾಳಗದ ವಿಡಿಯೋ ಪ್ರತಿ ವರ್ಷ ನಮ್ಮ ವಾಟ್ಸಾಪ್ ಗ್ರೂಪಿಗೆ ಬರುತ್ತೆ. ತಲೆ ಬೋಳಿಸಿಕೊಂಡ ಜಟ್ಟಿಗಳು, ಮುಷ್ಟಿಗೆ ಆಯುಧ. ತಲೆಯಿಂದ ಮೊದಲ ರಕ್ತ ಬಂದ ಕೂಡಲೇ ಕಾಳಗ ಮುಗೀತು. ಕಣಕ್ಕಿಳಿಯೋರಲ್ಲಿ ನಮ್ಮ ಚನ್ನಪಟ್ಟಣದ ಜಟ್ಟಿಗಳೂ ಇರ್ತಾರೆ. ಬರಿಗೈ ಹೊಡೆದಾಟಕ್ಕಿಂತ ಒಂದು ಕೈ ಮೇಲು! ಎಲ್ಲರೂ ‘ನಮ್ಮ ಪರಂಪರೆ’ ಅಂತ ಎದೆಯುಬ್ಬಿಸ್ತಾರೆ. ಅದೇ ಗ್ರೂಪಿಗೆ ಇಬ್ಬರು ಹೆಂಗಸರು ಗ್ಲೌಸಿಲ್ಲದೆ ಬಾಕ್ಸಿಂಗ್ ಮಾಡೋ ವಿಡಿಯೋ ಹಾಕಿ ನೋಡಿ. ‘ಛೇ, ಏನಿದು ಅಸಹ್ಯ!’

ರಕ್ತ ಎರಡೂ ಕಡೆ ಕೆಂಪೇ ಅಲ್ವಾ ಸ್ವಾಮಿ?

ಇದೆಲ್ಲ ಈಗಿನ ಹೊಸ ಹುಚ್ಚು ಅನ್ನೋರಿಗೆ ಒಂದು ಹಳೇ ಕತೆ. 1722ರಲ್ಲಿ ಲಂಡನ್ನಿನ ಎಲಿಜಬೆತ್ ವಿಲ್ಕಿನ್ಸನ್ ಎಂಬಾಕೆ ಹನ್ನಾ ಹೈಫೀಲ್ಡ್ ಎಂಬಾಕೆಗೆ ಪತ್ರಿಕೆಯಲ್ಲೇ ಸವಾಲು ಹಾಕಿದಳು. ಪಣ ಮೂರು ಗಿನಿ. ಇಬ್ಬರೂ ಎರಡೂ ಕೈಯಲ್ಲಿ ಒಂದೊಂದು ಅರ್ಧ ಕ್ರೌನ್ ನಾಣ್ಯ ಹಿಡಿದೇ ಹೊಡೆದಾಡಬೇಕು, ಮೊದಲು ನಾಣ್ಯ ಬೀಳಿಸಿದವಳು ಸೋತಂತೆ. ಎಂಥಾ ನಿಯಮ ನೋಡಿ! ಪರಚೋಕೆ, ಕೂದಲು ಎಳೆಯೋಕೆ ಮುಷ್ಟಿ ಬಿಚ್ಚಿದರೆ ನಾಣ್ಯ ಬಿತ್ತು. ಉಳಿಯೋದು ಗುದ್ದು ಮಾತ್ರ. ಹೆಂಗಸರ ಹೊಡೆದಾಟ ಅಂದ್ರೆ ಜಡೆಜಗಳ ಅಂತ ನಗೋರಿಗೆ ಮುನ್ನೂರು ವರ್ಷದ ಹಿಂದೆಯೇ ಉತ್ತರ ಸಿಕ್ಕಿತ್ತು. 1728ರಲ್ಲಿ ಆನ್ ಫೀಲ್ಡ್ ಎಂಬ ಕತ್ತೆ ಹೊಡೆಯೋ ಹೆಂಗಸು ಸವಾಲು ಹಾಕಿದಾಗ, ಅಷ್ಟೊತ್ತಿಗೆ ಮಿಸೆಸ್ ಸ್ಟೋಕ್ಸ್ ಆಗಿದ್ದ ಇವಳು ಕೊಟ್ಟ ಉತ್ತರದಲ್ಲಿ ಹಳೇ ದಾಖಲೆಯನ್ನೂ ನೆನಪಿಸಿದಳು: ಬಿಲ್ಲಿಂಗ್ಸ್‌ಗೇಟಿನ ಹೆಸರಾಂತ ಬಾಕ್ಸರ್ ಹೆಂಗಸನ್ನು 29 ನಿಮಿಷದ ಕಾಳಗದಲ್ಲಿ ಸೋಲಿಸಿದ್ದು.

ಅಲ್ಲಿಂದ ಮುಂದೆ? ಗಂಡಸರ ಬಾಕ್ಸಿಂಗ್ 1904ರಲ್ಲೇ ಒಲಿಂಪಿಕ್ಸ್ ಸೇರಿತು. ಹೆಂಗಸರದ್ದು ಸೇರಿದ್ದು 2012ರಲ್ಲಿ, ಅದೇ ಲಂಡನ್ನಿನಲ್ಲಿ. ಮೇರಿ ಕೋಮ್ ಕಂಚು ಗೆದ್ದಿದ್ದು ಆಗಲೇ.

‘ಅಪಾಯ ಇದೆ’ ಅಂತೀರಾ? ಇದೆ. ಮುಖ ಹರಿಯುತ್ತೆ, ಕೈಮೂಳೆ ಮುರಿಯುತ್ತೆ. ರೆಫರಿ ಕೇಳಿ, ಡಾಕ್ಟರ್ ಕೇಳಿ, ಬೇಡ ಅಂತಲೂ ಹೇಳಿ. ಆದರೆ ಗಂಡಸಿಗೂ ಅದೇ ಲೆಕ್ಕ ಇರಲಿ. ‘ಹೆಣ್ಣಿನ ಕೈ ಮೃದು’ ಅಂತ ಮಾತ್ರ ಹೇಳಬೇಡಿ. ರಾಮನಗರದ ರೀಲಿಂಗ್ ಘಟಕಗಳಲ್ಲಿ ಬಿಸಿನೀರಿಗೆ ಕೈಹಾಕಿ ರೇಷ್ಮೆಗೂಡಿನ ಎಳೆ ತೆಗೆಯೋ ಹೆಂಗಸರ ಬೆರಳು ನೋಡಿದೀರಾ?

ನಿಜವಾದ ಸಮಸ್ಯೆ ರಕ್ತದ್ದಲ್ಲ, ನೆಪದ್ದು. ಹೆಣ್ಣು ಕೈಯೆತ್ತಬೇಕಾದ್ರೆ ನಮಗೊಂದು ಘನವಾದ ಕಾರಣ ಬೇಕು. ಓಬವ್ವ ಒನಕೆ ಎತ್ತಿದ್ದು ಕೋಟೆಗಾಗಿ, ಹಾಗಾಗಿ ಕೈಮುಗೀತೀವಿ. ನಮ್ಮ ರಾಮನಗರದ ಬಂಡೆಗಳ ನಡುವೆ ಶೂಟ್ ಆದ ‘ಶೋಲೆ’ಯ ಬಸಂತಿ ಗಾಜಿನ ಚೂರಿನ ಮೇಲೆ ಕುಣಿದು ರಕ್ತ ಸುರಿಸಿದ್ದು ಪ್ರಿಯಕರನ ಪ್ರಾಣಕ್ಕಾಗಿ, ಹಾಗಾಗಿ ಕಣ್ಣೀರು ಹಾಕ್ತೀವಿ. ಮಹಿಳಾ ದಿನಕ್ಕೆ ನಮ್ಮ ಟೆಕ್ ಪಾರ್ಕುಗಳಲ್ಲಿ ಒಂದು ಗಂಟೆ ಸೆಲ್ಫ್ ಡಿಫೆನ್ಸ್ ವರ್ಕ್‌ಶಾಪ್, ಆಮೇಲೆ ಕೇಕು. ಅಂದ್ರೆ ಅವಳ ಮುಷ್ಟಿ ಏಳಬೇಕಾದ್ರೆ ಮೊದಲು ಯಾವನೋ ಅವಳ ಮೈಮೇಲೆ ಕೈ ಹಾಕಿರಬೇಕು!

ವಿಲ್ಕಿನ್ಸನ್ ಹಿಂದೆ ಕೋಟೆಯೂ ಇರಲಿಲ್ಲ, ಪ್ರಿಯಕರನ ಪ್ರಾಣವೂ ಇರಲಿಲ್ಲ. ಅವಳಿಗೆ ಗೆಲ್ಲಬೇಕಿತ್ತು, ಮೂರು ಗಿನಿ ಬೇಕಿತ್ತು. ಗಂಡಸಾದರೆ ಇದನ್ನ ಛಲ ಅಂತೀವಿ, ಸಂಪಾದನೆ ಅಂತೀವಿ. ಹೆಂಗಸಾದರೆ ಮಾತ್ರ ಅಸಹ್ಯ.

ನಾಳೆ ನಿಮ್ಮ ಮಗಳೋ ತಂಗಿಯೋ ಬಾಕ್ಸಿಂಗ್ ಕ್ಲಾಸಿಗೆ ಸೇರ್ತೀನಿ ಅಂದ್ರೆ ‘ಒಳ್ಳೇದು, ಸೇಫ್ಟಿಗಾಗುತ್ತೆ’ ಅನ್ನಬೇಡಿ. ಮ್ಯಾಚ್ ಯಾವಾಗ ಅಂತ ಕೇಳಿ.